ಎರಡು ಊರಿನ ಪುಂಡಿ

ಸ್ವಲ್ಪ ಇರಿ, ಪುಟ ತಿರುಗಿಸಬೇಡಿ. ಇದೊಂದನ್ನು ಪೂರ್ತಿ ಕೇಳಿಬಿಡಿ. ಇಷ್ಟು ವರ್ಷ ನನ್ನ ಹೊಟ್ಟೆಯೊಳಗೆ ಅನ್ನ, ರೊಟ್ಟಿ, ಪಲ್ಯ, ಮೊಸರು ಏನೇನೋ ಬಂದು ಹೋಗಿವೆ. ಯಾವುದೂ ಸಂಜೆಯವರೆಗೆ ಉಳಿಯಲಿಲ್ಲ. ಒಂದು ಮಾತು ಮಾತ್ರ ಉಳಿದುಬಿಟ್ಟಿದೆ. ಅದು ಒಬ್ಬ ಹೆಂಗಸಿಗೆ ಸೇರಬೇಕಾದ ಮಾತು. ಅವಳಿಗೆ ಅದು ಸೇರಲೇಬೇಕೋ, ಸೇರದಿದ್ದರೇ ಒಳ್ಳೆಯದೋ, ನನಗೆ ತಿಳಿಯುತ್ತಿಲ್ಲ. ನೀವು ಹೇಳಬೇಕು. ಅದಕ್ಕೇ ಮೊದಲಿನಿಂದ ಹೇಳುತ್ತೇನೆ, ಬೇಗ ಬೇಗ ಹೇಳುತ್ತೇನೆ.

ನಾನು ಒಂದು ಊಟದ ಕ್ಯಾರಿಯರ್. ಹಿತ್ತಾಳೆಯದು. ಹುಬ್ಬಳ್ಳಿಯ ಕಂಚಗಾರ ಗಲ್ಲಿಯಲ್ಲಿ ಹುಟ್ಟಿದೆ. ನನ್ನ ಮೊದಲ ನೆನಪೇ ಸುತ್ತಿಗೆಯ ಪೆಟ್ಟು. ಬಡಿದರು, ತಿರುಗಿಸಿದರು, ಮತ್ತೆ ಬಡಿದರು. ಒಂದರ ಮೇಲೊಂದು ಕೂರುವ ಮೂರು ಡಬ್ಬಿಗಳಾದೆ. ಮೇಲೆ ಮುಚ್ಚಳ ಬಂತು, ಎರಡು ಪಕ್ಕಕ್ಕೂ ಪಟ್ಟಿ ಬಂತು, ಹಿಡಿಕೆ ಬಂತು. ಒಳಗೆ ಬೆಳ್ಳಗೆ ಕಲಾಯಿ ಹಾಕಿದರು. ಹಿತ್ತಾಳೆಗೆ ಹುಳಿ ತಾಗಿದರೆ ಅಡುಗೆ ಕೆಡುತ್ತದೆ, ಕಲಾಯಿ ಇದ್ದರೆ ಭಯವಿಲ್ಲ. ಅಂಗಡಿಯ ಮುಂದೆ ನನ್ನನ್ನು ನೇತುಹಾಕಿದಾಗ ಬಿಸಿಲಿನಲ್ಲಿ ಎಷ್ಟು ಹೊಳೆಯುತ್ತಿದ್ದೆ ಅಂದರೆ, ಹೋಗುವವರು ಬರುವವರು ನನ್ನಲ್ಲಿ ಮುಖ ನೋಡಿಕೊಂಡು ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು.

ನನ್ನನ್ನು ಕೊಂಡವರು ನೇಮಿರಾಜ ಮಾವ. ಮೂಡಬಿದಿರೆಯ ಕಡೆಯ ಜೈನರು, ಬಿಳಿ ಪಂಚೆ, ಮೆಲು ಮಾತು. ಸೊಸೆಯ ಮದುವೆಗೆಂದು ಗದಗಕ್ಕೆ ಹೊರಟಿದ್ದರು. ಸೊಸೆ ಅಂದರೆ ಅಕ್ಕನ ಮಗಳು. ಆ ಕಡೆ ಅಕ್ಕನ ಮಕ್ಕಳ ಜವಾಬ್ದಾರಿ ಮಾವನದೇ.

"ಇದು ಸೋರ್ತದಾ ಮಾರಾಯ್ರೆ?" ಎಂದರು.

"ಸೋರಿದ್ರ ನನ್ನ ಹೆಸರs ಬದ್ಲಿ ಮಾಡ್ರಿ ಯಜಮಾನ್ರ," ಎಂದ ಅಂಗಡಿಯವನು.

ಮಾವ ನಂಬಲಿಲ್ಲ. ನೀರು ತುಂಬಿಸಿ, ಮುಚ್ಚಿ, ಅಡ್ಡ ಮಲಗಿಸಿ, ಕುಳಿತು ನೋಡಿದರು. ಒಂದು ಹನಿಯೂ ಬರಲಿಲ್ಲ. ಆಗ ನಕ್ಕರು. "ರೈಲ್ವೆಯವನಿಗೆ ಕೊಡ್ತಾ ಇದ್ದೇವೆ. ಊಟ ಹೊತ್ತುಕೊಂಡು ಹೋಗ್ಲಿಕ್ಕೆ ಬೇಕಲ್ಲ."

ಹುಡುಗಿಯ ಹೆಸರು ಯಶೋಮತಿ. ಹುಡುಗನ ಹೆಸರು ಪಾಯಪ್ಪ, ಬಾಗಲಕೋಟೆ ಕಡೆಯ ಜೈನ. ಶ್ರವಣಬೆಳಗೊಳದಲ್ಲಿ ಎರಡು ಊರಿನ ಎರಡು ಬಸ್ಸುಗಳು ಒಂದೇ ಮರದ ಕೆಳಗೆ ನಿಂತಿದ್ದವಂತೆ, ಅಲ್ಲಿ ಹಿರಿಯರ ನಡುವೆ ಮಾತು ಬೆಳೆದು ಈ ಮದುವೆ ಕೂಡಿಬಂದಿತ್ತು. ದೇವರು ಒಂದೇ, ಉಳಿದದ್ದೆಲ್ಲ ಬೇರೆ. ಅವಳು ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ. ಅವನು ಜೋಳದ ರೊಟ್ಟಿ, ಶೇಂಗಾ. ಅವಳದು ತುಳು ಮನೆಮಾತಿನ ಮೆತ್ತಗಿನ ಕನ್ನಡ. ಅವನು ಪ್ರೀತಿಯಿಂದ ಕರೆದರೂ ಬೈದಂತೆ ಕೇಳುತ್ತಿತ್ತು. ಅವಳು ಸೂರ್ಯ ಮುಳುಗಿದ ಮೇಲೆ ಒಂದು ತುತ್ತೂ ಮುಟ್ಟುವವಳಲ್ಲ. ಅವನು ಯಾವ ಹೊತ್ತಿಗೆ ಸಿಕ್ಕಿದರೆ ಆ ಹೊತ್ತಿಗೆ ಉಣ್ಣುವವನು.

ಮದುವೆಯ ಮಾರನೆಯ ದಿನ ಮಾವ ನನ್ನನ್ನು ಅವಳ ಕೈಗೆ ಕೊಟ್ಟು, ಮೆಲ್ಲಗೆ ಹೇಳಿದರು: "ಹೊಂದಿಕೊಳ್ಳಲಿಕ್ಕೆ ನೋಡು ಮಗಾ. ಆಗುದೇ ಇಲ್ಲ ಅಂತಾದ್ರೆ ಬಂದುಬಿಡು. ಮನೆ ನಿನ್ನದೇ." ನಾನು ಅವಳ ಮಡಿಲಲ್ಲಿದ್ದೆ. ಅವಳ ಬೆರಳುಗಳು ನನ್ನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದವು. ಆ ಹಿಡಿತದಲ್ಲಿ ಇರುತ್ತೇನೆ ಅನ್ನುವುದಿತ್ತೋ ಬರುತ್ತೇನೆ ಅನ್ನುವುದಿತ್ತೋ, ಹೊಸಬನಾದ ನನಗೆ ಗೊತ್ತಾಗಲಿಲ್ಲ.

ನನ್ನ ಕೆಲಸ ಏನೆಂದು ಕೇಳಿ, ಎಷ್ಟು ಚೆಂದದ ಕೆಲಸ! ಪಾಯಪ್ಪ ಕಲ್ಲಗುಡ್ಡ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್. ರೈಲು ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ತಿರುಗಿಸುವುದು, ಬಾವುಟ ತೋರಿಸುವುದು ಅವನ ಕೆಲಸ. ಅಲ್ಲಿ ಮನೆಯಿಲ್ಲ, ಸಿಹಿನೀರಿಲ್ಲ. ಅದಕ್ಕೇ ಸಂಸಾರ ಗದಗದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅವನು ನಸುಕಿನ ಗೂಡ್ಸ್ ಹತ್ತಿ ಹೋಗುತ್ತಿದ್ದ. ಆಮೇಲೆ ಅಡುಗೆ. ಬೆಳಗಿನ ಪ್ಯಾಸೆಂಜರ್ ಬಂದಾಗ ಯಶೋಮತಿ ನನ್ನನ್ನು ಪ್ಲಾಟ್‌ಫಾರ್ಮಿಗೆ ತಂದು ಗಾರ್ಡ್ ಖಾದರಸಾಬನ ಕೈಗೆ ಕೊಡುತ್ತಿದ್ದಳು. ನಾನು ರೈಲಿನ ಕೊನೆಯ ಗಾರ್ಡ್ ಡಬ್ಬಿಯಲ್ಲಿ, ಕಿಟಕಿಯ ಪಕ್ಕ ತೂಗಾಡುತ್ತ, ಕರಿಮಣ್ಣಿನ ಹೊಲ ನೋಡುತ್ತ ಹೋಗುತ್ತಿದ್ದೆ. ಸಂಜೆ ಖಾಲಿಯಾಗಿ, ಹಗುರಾಗಿ ಮರಳುತ್ತಿದ್ದೆ.

ಇದರ ಅರ್ಥ ಗೊತ್ತಾಯಿತಲ್ಲ? ಅವಳು ಮಾಡುವುದನ್ನು ಅವನು ನೋಡುತ್ತಿರಲಿಲ್ಲ. ಅವನು ತಿನ್ನುವುದನ್ನು ಅವಳು ನೋಡುತ್ತಿರಲಿಲ್ಲ. ಎರಡನ್ನೂ ನೋಡುತ್ತಿದ್ದದ್ದು ನಾನೊಬ್ಬನೇ.

ಖಾದರಸಾಬನಿಗೆ ತಮಾಷೆ ಇಲ್ಲದೆ ರೈಲೇ ಹೊರಡುತ್ತಿರಲಿಲ್ಲ. "ಇವತ್ತ ಏನೈತಿ ತಂಗಿ?" ಎಂದು ಕೇಳುತ್ತಿದ್ದ.

"ಅನ್ನ ಉಂಟು, ತೊಂಡೆಕಾಯಿ ಪಲ್ಯ ಉಂಟು."

"ಒಂಟಿ? ಏ ಪಾಯಪ್ಪ ಜೈನ ಅದಾನ ತಂಗಿ! ಒಂಟಿ ಹೆಂಗ ತಿಂತಾನ?"

ಆ ಕಡೆ ಒಂಟೆಯನ್ನು ಒಂಟಿ ಅನ್ನುತ್ತಾರೆ ಎಂಬುದು ಅವಳಿಗೆ ತಿಳಿಯಲು ತುಸು ಹೊತ್ತಾಯಿತು. ತಿಳಿದ ಮೇಲೆ ಸಿಟ್ಟು ಬಂತು, ಆಮೇಲೆ ನಗು ಬಂತು. ನಾನು ಅವಳ ನಗುವನ್ನು ಮೊದಲು ಕೇಳಿದ್ದು ಪ್ಲಾಟ್‌ಫಾರ್ಮಿನಲ್ಲಿ.

ಆದರೆ ಕಲ್ಲಗುಡ್ಡದಲ್ಲಿ ನಗು ಇರಲಿಲ್ಲ. ಪಾಯಪ್ಪ ನನ್ನನ್ನು ಬಿಚ್ಚುತ್ತಿದ್ದ, ಕೆಂಪು ಅನ್ನವನ್ನು ಬೆರಳಿನಿಂದ ಕೆದಕುತ್ತಿದ್ದ, ನಿಟ್ಟುಸಿರು ಬಿಡುತ್ತಿದ್ದ. ಹಳಿ ರಿಪೇರಿಯ ಗ್ಯಾಂಗಿನವರು ಬೇವಿನ ಮರದ ಕೆಳಗೆ ರೊಟ್ಟಿಯ ಗಂಟು ಬಿಚ್ಚಿದರೆ ನನ್ನನ್ನು ಅವರ ಮುಂದೆ ಸರಿಸಿ, ಅವರ ರೊಟ್ಟಿ ಎಳೆದುಕೊಳ್ಳುತ್ತಿದ್ದ. ಸಂಜೆ ನಾನು ಖಾಲಿ. ಅವಳು ಮುಚ್ಚಳ ತೆಗೆದು, ತಳ ನೋಡಿ, "ಎಲ್ಲ ಉಂಡಿದ್ದಾರೆ," ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಆಗ ನನಗೆ ನಾಚಿಕೆಯಾಗುತ್ತಿತ್ತು. ಉಣ್ಣದವನು ಅವನು, ನಾಚಿಕೆ ನನಗೆ!

ಈಗ ಪುಂಡಿಯ ವಿಷಯಕ್ಕೆ ಬರುತ್ತೇನೆ. ಸರಿಯಾಗಿ ಕೇಳಿ, ಎಲ್ಲ ಇದರ ಮೇಲೇ ನಿಂತಿದೆ.

ಮದುವೆಯಾದ ವರ್ಷದ ಶ್ರಾವಣ. ಹೊರಡುವಾಗ ಪಾಯಪ್ಪ ಬಾಗಿಲಲ್ಲಿ ನಿಂತು ಅಂದ: "ನಾಳಿ ಪುಂಡಿ ಮಾಡಿ ಕಳಸ. ಭಾಳ ದಿನ ಆತು."

ಯಶೋಮತಿಯ ಮುಖ ಅರಳಿಬಿಟ್ಟಿತು. ಗಂಡ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಅದೂ ಪುಂಡಿ! ಅವಳ ಊರಿನಲ್ಲಿ ಪುಂಡಿ ಅಂದರೆ ಅಕ್ಕಿಯ ಉಂಡೆ. ಅಕ್ಕಿ ನೆನೆಸಿ, ತೆಂಗಿನಕಾಯಿ ಹಾಕಿ ತರಿತರಿಯಾಗಿ ರುಬ್ಬಿ, ಒಲೆಯ ಮೇಲೆ ತಿರುವಿ, ಉಂಡೆ ಕಟ್ಟಿ, ನಡುವೆ ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ ಹಬೆಯಲ್ಲಿ ಬೇಯಿಸುವುದು. ಇವರಿಗೆ ನಮ್ಮ ಪುಂಡಿ ಹೇಗೆ ಗೊತ್ತು ಎಂದು ಅವಳು ಕೇಳಲೇ ಇಲ್ಲ. ಸಂತೋಷವಾದಾಗ ಯಾರು ಪ್ರಶ್ನೆ ಕೇಳುತ್ತಾರೆ? ರುಬ್ಬುವಾಗ ಹಾಡುತ್ತಿದ್ದಳು. ನನ್ನ ಮೂರೂ ಡಬ್ಬಿಗಳಲ್ಲಿ ಬೆಳ್ಳಗಿನ ಪುಂಡಿಗಳು, ಮೇಲೆ ಚಟ್ನಿ. ನನಗೆ ಹಬ್ಬದ ಬಟ್ಟೆ ಹಾಕಿದಂತಾಗಿತ್ತು.

ಕಲ್ಲಗುಡ್ಡದಲ್ಲಿ ಪಾಯಪ್ಪ ಗ್ಯಾಂಗಿನವರ ನಡುವೆ ಕುಳಿತು, "ನಮ್ಮ ಮನ್ಯಾಗಿಂದ ಪುಂಡಿ ಬಂದೈತಿ, ಕೈ ತೊಳಕೊಂಡ ಬರ್ರಿ," ಎಂದು ದೊಡ್ಡ ದನಿಯಲ್ಲಿ ಕರೆದು ನನ್ನ ಮುಚ್ಚಳ ತೆಗೆದ.

ಎಲ್ಲರೂ ಬಗ್ಗಿ ನೋಡಿದರು.

"ಏನೋ ಪಾಯಪ್ಪಾ, ಸುಣ್ಣದ ಉಂಡಿ ಕಳಸ್ಯಾಳೇನೋ ನಿನ್ನ ಹೇಣ್ತಿ?"

"ಒಂದ ಒಗದ ನೋಡಲೇ, ಸಿಗ್ನಲ್ ಕಂಬ ಬೀಳ್ತದೋ ಇಲ್ಲೋ!"

ಪಾಯಪ್ಪ ಅವರೆಲ್ಲರಿಗಿಂತ ಜೋರಾಗಿ ನಕ್ಕ. ಜೋರಾಗಿ ನಗುವವನ ಕಿವಿ ಕೆಂಪಾಗಿದ್ದದ್ದು ನನಗೆ ಕೆಳಗಿನಿಂದ ಕಾಣುತ್ತಿತ್ತು. ಊಟ ಮುಗಿದು ಅವರೆಲ್ಲ ಹಳಿಯ ಕಡೆ ಹೋದ ಮೇಲೆ ನನ್ನನ್ನು ಕ್ಯಾಬಿನ್ನಿಗೆ ಎತ್ತಿಕೊಂಡು ಹೋದ. ಬಾಗಿಲು ಮುಂದೆ ಮಾಡಿದ. ಒಂದು ಪುಂಡಿ ತೆಗೆದುಕೊಂಡು ಅನುಮಾನದಿಂದ ಮುರಿದ. ಗುಳಿಗೆ ಚಟ್ನಿ ತುಂಬಿಕೊಂಡು ಬಾಯಿಗಿಟ್ಟ. ಅಗಿದ. ಕಣ್ಣು ಮುಚ್ಚಿದ. ಮತ್ತೆ ತೆರೆಯುವುದಕ್ಕೆ ಎಷ್ಟು ತಡಮಾಡಿದ ಗೊತ್ತೇ! ಇನ್ನೊಂದಕ್ಕೆ ಕೈ ಹಾಕಿದ. ಅಷ್ಟರಲ್ಲಿ ಯಾರೋ ಹೊರಗಿನಿಂದ ಕೂಗಿದರು. ಕಳ್ಳನ ಹಾಗೆ ಮುಚ್ಚಳ ಹಾಕಿಬಿಟ್ಟ. ಉಳಿದದ್ದನ್ನು ಸಂಜೆ ಖಾದರಸಾಬ ತಿಂದ, ಹೊಗಳುತ್ತ ತಿಂದ.

ಮನೆಗೆ ಬಂದ ಪಾಯಪ್ಪನಿಗೆ ಗ್ಯಾಂಗಿನವರ ನಗುವೇ ನೆನಪಿತ್ತು.

"ಅವೇನ್ ಕಲ್ಲಾ? ದನಾನೂ ಮೂಸೂದಿಲ್ಲ ಅವನ್ನ!"

"ನೀವೇ ಹೇಳಿದ್ದಲ್ವಾ ಪುಂಡಿ ಮಾಡು ಅಂತ?"

"ಪುಂಡಿ ಅಂದ್ರ ತಪ್ಪಲಾ! ಹುಳೀ ತಪ್ಪಲಾ. ಬ್ಯಾಳಿ, ಜೋಳದ ನುಚ್ಚು ಹಾಕಿ ಪಲ್ಯಾ ಮಾಡ್ತಾರ. ನಮ್ಮವ್ವ ಮಾಡ್ತಾಳ. ಅಷ್ಟೂ ತಿಳೀದಿಲ್ಲ?"

ಅವಳು ದಂಗಾಗಿ ನಿಂತಳು. "ಚಾತುರ್ಮಾಸದಲ್ಲಿ ಸೊಪ್ಪು ತಿನ್ನುದುಂಟಾ ಮಾರಾಯ್ರೆ? ನಿಮ್ಮಲ್ಲಿ ತಿಂತಾರಾ?"

ಮಳೆಗಾಲದ ನಾಲ್ಕು ತಿಂಗಳು ಸೊಪ್ಪಿನಲ್ಲಿ ಹುಳುಹುಪ್ಪಟೆ ಇರುತ್ತವೆ, ಜೀವಹಿಂಸೆಯಾಗುತ್ತದೆ ಎಂದು ಅವಳ ತವರಿನಲ್ಲಿ ಎಲೆ ಮುಟ್ಟುತ್ತಿರಲಿಲ್ಲ. ಆ ತಿಂಗಳಲ್ಲಿ ಒಬ್ಬ ಜೈನ ಸೊಪ್ಪು ಕೇಳಿದನೆಂದು ಅವಳು ಹೇಗೆ ತಾನೇ ಊಹಿಸಬೇಕಿತ್ತು? ಅವನು ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅವಳು ನನ್ನನ್ನು ತೊಳೆಯುತ್ತ ಕುಳಿತಳು. ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದಳು. ಅವಳ ಕಣ್ಣೀರು ನನ್ನೊಳಗೆ ಬಿತ್ತು. ಅದು ಬೆಚ್ಚಗಿತ್ತು.

ಅವನು ಒಂದು ತಿಂದಿದ್ದಾನೆ, ಕಣ್ಣು ಮುಚ್ಚಿ ತಿಂದಿದ್ದಾನೆ! ಎಂದು ಕೂಗಿ ಹೇಳಬೇಕು ಅನಿಸಿತು. ಹಿತ್ತಾಳೆ ನಾನು. ನೆಲಕ್ಕೆ ತಾಗಿದರೆ ಟಣ್ ಅನ್ನುತ್ತೇನೆ, ಅಷ್ಟೆ.

ಮೊದಲ ದೀಪಾವಳಿಗೆ ಕರೆದೊಯ್ಯಲು ನೇಮಿರಾಜ ಮಾವ ಬಂದರು. ದಾರಿಯ ಬುತ್ತಿಗೆಂದು ನನ್ನನ್ನೂ ತೆಗೆದುಕೊಂಡರು. ಟ್ರಂಕಿನಲ್ಲಿ ಅವಳ ಎಲ್ಲ ಸೀರೆಗಳೂ ತುಂಬಿದ್ದವು. ಹಬ್ಬಕ್ಕೆ ಹೋಗುವವಳು ಅಷ್ಟು ಸೀರೆ ಒಯ್ಯುವುದಿಲ್ಲ. ಪಾಯಪ್ಪ ಅದನ್ನು ನೋಡಿದ. ಟ್ರಂಕನ್ನು ತಾನೇ ಹೊತ್ತು ಬಸ್ಸಿಗೆ ಹಾಕಿದ.

ತವರಿನಲ್ಲಿ ಅವಳು ಬೇಕಾದ್ದು ಉಂಡಳು, ಬೇಕಾದಂತೆ ತುಳು ಮಾತಾಡಿದಳು. ಹಬ್ಬ ಮುಗಿಯಿತು, ಅವಳು ಹೊರಡುವ ಮಾತೆತ್ತಲಿಲ್ಲ. ಮಾವ ಒಂದು ದಿನ, "ಇಲ್ಲೇ ಇದ್ದುಬಿಡ್ತೀಯಾ?" ಎಂದು ಕೇಳಿಯೇಬಿಟ್ಟರು. ಅವಳು ತಲೆ ಬಗ್ಗಿಸಿದಳು. ನಾನು ಅಟ್ಟದ ಮೇಲೆ ಕುಳಿತು ರೈಲಿನ ಸದ್ದಿಗೆ ಹಂಬಲಿಸುತ್ತಿದ್ದೆ. ಅಲ್ಲಿ ರೈಲೇ ಇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವಳ ತಾಯಿ ಪುಂಡಿ ಮಾಡಿದರು. ಯಶೋಮತಿ ಬಾಳೆಲೆಯ ಮುಂದೆ ಕುಳಿತಳು. ಒಂದು ತಿಂದಳು. ಎರಡನೆಯದನ್ನು ಮುರಿಯುತ್ತ, ಯೋಚನೆಯಿಲ್ಲದೆ, "ಸ್ವಲ್ಪ ಶೇಂಗಾ ಚಟ್ನಿ ಇದ್ದಿದ್ರೆ..." ಎಂದಳು.

"ಎಂತ ಚಟ್ನಿ?" ತಂಗಿ ಕಿಸಕ್ಕನೆ ನಕ್ಕಳು. "ಅಮ್ಮಾ, ಇವಳು ಗದಗದವಳಾದಳು!"

ಎಲ್ಲರೂ ನಕ್ಕರು. ಯಶೋಮತಿ ಮಾತ್ರ ತುತ್ತು ಹಿಡಿದುಕೊಂಡು ಹಾಗೇ ಕುಳಿತಿದ್ದಳು, ತನ್ನ ನಾಲಿಗೆ ತನ್ನನ್ನು ಕೇಳದೆಯೇ ಎಲ್ಲಿಗೋ ಹೋಗಿಬಿಟ್ಟಿದೆ ಎಂಬಂತೆ. ಅಂದು ಮಧ್ಯಾಹ್ನ ಅಟ್ಟದಿಂದ ನನ್ನನ್ನು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದಳು. ಹೊಳೆಯುವವರೆಗೆ ತಿಕ್ಕಿ, ಟ್ರಂಕಿನ ಪಕ್ಕ ಇಟ್ಟಳು. ಹೊರಡುವಾಗ ತಾಯಿ ನನ್ನೊಳಗೆ ಒಂದಷ್ಟು ಪುಂಡಿ ತುಂಬಿದರು.

ಬಸ್ಸು ಬದಲಿಸಿ, ಬಸ್ಸು ಬದಲಿಸಿ ಗದಗಕ್ಕೆ ಬರುವಷ್ಟರಲ್ಲಿ ಪುಂಡಿ ಹಳಸಿತ್ತು. ಪಾಯಪ್ಪ ಬಾಗಿಲು ತೆರೆದವನು, ಅವಳನ್ನು ನೋಡಿ, "ಬಂದಿ?" ಎಂದ. ಅಷ್ಟೇ. ಟ್ರಂಕನ್ನು ತಾನೇ ಎತ್ತಿ ಒಳಗಿಟ್ಟ. ಅವಳು ನನ್ನನ್ನು ತೋರಿಸಿ, "ಇದರಲ್ಲಿರುದು ಹಾಳಾಗಿದೆ, ದನಕ್ಕೆ ಹಾಕಿ," ಎಂದಳು. ಅವನು ನನ್ನನ್ನು ಕ್ವಾರ್ಟರ್ಸಿನ ಹಿಂದೆ ತಂದ. ದನ ಇತ್ತು. ಒಂದೊಂದೇ ಹಾಕಿದ. ಕೊನೆಯದನ್ನು ಕೈಯಲ್ಲಿ ಹಿಡಿದು ಆಚೆ ಈಚೆ ನೋಡಿ, ತಾನೇ ಬಾಯಿಗೆ ಹಾಕಿಕೊಂಡ. ಹಳಸಿದ್ದನ್ನು! ಮುಖ ಹಿಂಡಿಕೊಂಡು ನುಂಗಿದ. ದನ ಅವನನ್ನು ನೋಡುತ್ತಿತ್ತು, ನಾನೂ ನೋಡುತ್ತಿದ್ದೆ.

ಮಾರನೆಯ ದಿನ ಖಾದರಸಾಬ ಅವಳಿಗೆ ಹೇಳಿದ: "ನೀ ಇಲ್ಲದಾಗ ನಿನ್ನ ಗಂಡ ದಿನಾ ಬಂದು ನನ್ನ ಗಾರ್ಡ್ ಡಬ್ಬಿ ಮುಂದ ನಿಂದರ್ತಿದ್ದ ತಂಗಿ. ಕ್ಯಾರಿಯರ್ ಬರೂದಿಲ್ಲಂತ ಗೊತ್ತಿದ್ರೂ ಕೈ ಚಾಚ್ತಿದ್ದ. ಹುಚ್ಚ ಮಂಗ್ಯಾ."

ಅವಳು ಮತ್ತೆ ಬಿಟ್ಟುಹೋಗುವ ಮಾತೆತ್ತಲಿಲ್ಲ. ಬಿಳಿ ಪುಂಡಿಯನ್ನೂ ಮಾಡಲಿಲ್ಲ. ದನವೂ ಮೂಸುವುದಿಲ್ಲ ಅನ್ನಿಸಿಕೊಂಡದ್ದನ್ನು ಯಾರು ಮಾಡುತ್ತಾರೆ? ಅವನು ಅದನ್ನು ಕೇಳಲೂ ಇಲ್ಲ. ಹಾಗೆ ಅಂದವನು ಯಾವ ಬಾಯಲ್ಲಿ ಕೇಳಬೇಕು? ಮಳೆಗಾಲ ಮುಗಿದ ಮೇಲೆ ಅವಳು ಅತ್ತೆಯಿಂದ ಸೊಪ್ಪಿನ ಪುಂಡಿ ಮಾಡುವುದನ್ನು ಕಲಿತಳು. ಆ ಮನೆಯಲ್ಲಿ ಪುಂಡಿ ಅಂದರೆ ಸೊಪ್ಪು ಎಂದಾಯಿತು.

ಅಲ್ಲಿಂದ ಮುಂದೆ ನನ್ನೊಳಗೆ ನಡೆದದ್ದು ಎಷ್ಟು ನಿಧಾನ ಅಂದರೆ ಅವರಿಗೇ ಗೊತ್ತಾಗಲಿಲ್ಲ. ಮೊದಲು ಕೆಳಗಿನ ಡಬ್ಬಿಗೆ ರೊಟ್ಟಿ ಬಂತು. ಆರಂಭದ ರೊಟ್ಟಿಗಳು ಕರ್ನಾಟಕದ ನಕಾಶೆಯಂತೆ ಇದ್ದವು, ಬರಬರುತ್ತ ದುಂಡಗಾದವು. ನಡುವಿನ ಡಬ್ಬಿಯಲ್ಲಿ ಅನ್ನ ಉಳಿಯಿತು, ಆದರೆ ಈಗ ಅದನ್ನು ಅವನೇ ಉಣ್ಣುತ್ತಿದ್ದ. ಗ್ಯಾಂಗಿನವರು ಕೈ ಚಾಚಿದರೆ, "ನಿಂದ ನೀ ತಿನ್ನಲೇ," ಎಂದು ನನ್ನನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದ. ಒಂದು ದಿನ ಶೇಂಗಾ ಕಡಿಮೆಯಿತ್ತು, ಅವಳು ತೆಂಗಿನಕಾಯಿ ಸೇರಿಸಿ ಚಟ್ನಿ ರುಬ್ಬಿದಳು. ಅದು ಅವಳ ಊರಿನದೂ ಅಲ್ಲ, ಅವನ ಊರಿನದೂ ಅಲ್ಲ. ಅದಕ್ಕೆ ಹೆಸರೇ ಇರಲಿಲ್ಲ. ಆಮೇಲೆ ಅದೇ ನಿತ್ಯದ ಚಟ್ನಿಯಾಯಿತು.

ಮಗಳು ತ್ರಿಶಲಾ ಹುಟ್ಟಿ ಮಾತು ಕಲಿತಾಗ, "ಎಂತ ಮಾಡಾಕತ್ತಿ ಅವ್ವಾ?" ಎಂದು ಕೇಳುತ್ತಿದ್ದಳು. ಶಾಲೆಯ ಟೀಚರು, ಇದು ಯಾವ ಊರಿನ ಕನ್ನಡವಮ್ಮಾ ಎಂದು ಹಣೆ ಚಚ್ಚಿಕೊಂಡರಂತೆ.

ಯಶೋಮತಿ ತಲೆಯ ಮೇಲೆ ಸೆರಗು ಹೊದ್ದು ಪ್ಲಾಟ್‌ಫಾರ್ಮಿಗೆ ಬರತೊಡಗಿದಳು. ಮೊಸರಿನವಳ ಜೊತೆ ಜಗಳವಾಡುವಷ್ಟು ಗಟ್ಟಿ ದನಿ ಬಂತು. "ಏನೈತಿ ತಂಗಿ?" ಎಂದರೆ, "ಐತಿ, ನಿಮಗ್ಯಾಕ ಬೇಕ?" ಎಂದು ನಗುತ್ತಿದ್ದಳು. ಒಂಟಿಯ ತಮಾಷೆಗೆ ಜಾಗವೇ ಉಳಿಯಲಿಲ್ಲ. ಪಾಯಪ್ಪ ಮಾತ್ರ ಮೆತ್ತಗಾದ. ಸೂರ್ಯ ಇಳಿಯುವ ಮೊದಲು ಗಡಿಬಿಡಿಯಿಂದ ನನ್ನನ್ನು ಬಿಚ್ಚಿ ಉಳಿದ ರೊಟ್ಟಿ ಮುಗಿಸುತ್ತಿದ್ದ. ಮಳೆಗಾಲದಲ್ಲಿ ಸೊಪ್ಪು ಬಿಟ್ಟ. ಯಾರೂ ಹೇಳಿರಲಿಲ್ಲ. ಅವಳು ಬಿಟ್ಟಿದ್ದಾಳೆ, ತಾನೂ ಬಿಟ್ಟ, ಅಷ್ಟೆ. ಅವಳೋ, ಅವನು ಬರುವುದು ತಡವಾದ ದಿನಗಳಲ್ಲಿ ಒಬ್ಬಳೇ ಉಣ್ಣಲಾಗದೆ ಕಾದು, ದೀಪ ಹಚ್ಚಿದ ಮೇಲೂ ಉಣ್ಣುವುದನ್ನು ಕಲಿತಿದ್ದಳು.

ಒಳ್ಳೆಯದೇ ಆಯಿತಲ್ಲ ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಒಂದು ಸಂಜೆ, ರೈಲು ಕಾಯುತ್ತ, ಪಾಯಪ್ಪ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಖಾದರಸಾಬನಿಗೆ ಹೇಳಿದ:

"ಭಾಯ್, ಮದಲ ಆಕಿ 'ಮಾರಾಯ್ರೆ' ಅಂತಿದ್ಲು. ನೆನಪೈತಿ?"

"ಹ್ಞೂಂ. ಈಗ ಏನಂತಾಳ?"

"ಈಗ 'ಏನ್ರೀ' ಅಂತಾಳ. ಎಲ್ಲಾರ ಹೇಣ್ತೇರ ಹಂಗ." ನನ್ನ ಹಿಡಿಕೆ ಎತ್ತಿ ಇಳಿಸುತ್ತ ಸೇರಿಸಿದ, "ನಾನs ನಗ್ತಿದ್ದೆ ಅದಕ್ಕ. ಈಗ ಒಮ್ಮೆ ಅಂದ್ರ ಸಾಕನಸ್ತದ."

ಮತ್ತೊಂದು ದಿನ, ಊರಿನಿಂದ ಬಂದ ತಂಗಿಯ ಮುಂದೆ ಯಶೋಮತಿ ನನಗೆ ಬುತ್ತಿ ತುಂಬುತ್ತ ಹೇಳಿದಳು: "ಅವರು ಮದಲ ಹೆಂಗ ಕೂಗ್ತಿದ್ರು! ಓಣಿ ತುದೀಗೆ ಬಂದ ಕೂಡ್ಲೆ ಗೊತ್ತಾಗ್ತಿತ್ತು. ನಂಗೆ ಹೆದರಿಕೆ ಆಗ್ತಿತ್ತು. ಈಗ ಬೆಕ್ಕಿನ ಹಂಗ ಬರ್ತಾರೆ. ಆ ಗಟ್ಟಿ ದನಿ ಎಲ್ಲಿ ಹೋಯ್ತೋ ಮಾರಾಯ್ತಿ."

ಅವನಿಗೆ ಆ ಹಳೆಯ ಅವಳು ಬೇಕು. ಅವಳಿಗೆ ಆ ಹಳೆಯ ಅವನು ಬೇಕು. ಇಬ್ಬರೂ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿ ಆಚೆ ಹೋಗಿದ್ದರು, ಎದುರಿನ ದಂಡೆಯಲ್ಲಿ ನಿಂತು ತಾವು ಬಿಟ್ಟುಬಂದ ದಂಡೆಯ ಕಡೆ ನೋಡುತ್ತಿದ್ದರು. ನಡುವೆ ಓಡಾಡುತ್ತಿದ್ದದ್ದು ನಾನು, ರೊಟ್ಟಿ ಪಲ್ಯ ಹೊತ್ತುಕೊಂಡು.

ಪಾಯಪ್ಪ ನಿವೃತ್ತನಾದ. ನಾನೂ ಆದೆ. ನನ್ನ ಕಲಾಯಿ ಎಷ್ಟು ಸಲ ಹೋಗಿ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಅಡುಗೆಮನೆಯ ಶೆಲ್ಫಿನ ಮೇಲೆ ಕುಳಿತೆ. ದೂರದಲ್ಲಿ ಪ್ಯಾಸೆಂಜರಿನ ಸದ್ದಾದರೆ ನನ್ನ ಹಿಡಿಕೆ ಸಣ್ಣಗೆ ಅದುರುತ್ತಿತ್ತು. ಆಸೆ ಹೋಗುವುದಿಲ್ಲ ನೋಡಿ.

ಕೆಲವು ವರ್ಷಗಳ ಮೇಲೆ ಒಂದು ಮಳೆಗಾಲ ಪಾಯಪ್ಪನಿಗೆ ಜ್ವರ ಬಂದು ಎದೆಗೆ ಇಳಿಯಿತು. ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದರು. ತ್ರಿಶಲಾಳ ಮನೆ ಅಲ್ಲೇ ಹತ್ತಿರ. ಯಶೋಮತಿ ಅಲ್ಲಿ ಅಡುಗೆ ಮಾಡಿ, ನನ್ನನ್ನು ತುಂಬಿಸಿ ಒಯ್ಯತೊಡಗಿದಳು. ಎಷ್ಟು ವರ್ಷಗಳ ಮೇಲೆ ಮತ್ತೆ ಅದೇ ಕೆಲಸ! ಆದರೆ ಈಗ ನಾನು ತುಂಬಿಕೊಂಡು ಹೋಗಿ ತುಂಬಿಕೊಂಡೇ ಮರಳುತ್ತಿದ್ದೆ. ಅವನು ಏನನ್ನೂ ಮುಟ್ಟುತ್ತಿರಲಿಲ್ಲ. ಬಾಯಿಗೆ ರುಚಿಯಿಲ್ಲ ಅನ್ನುತ್ತಿದ್ದ. ಹೊಟ್ಟೆಗೆ ಏನಾದರೂ ಹೋಗಲೇಬೇಕು, ಇಲ್ಲದಿದ್ದರೆ ಔಷಧಿ ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ತ್ರಿಶಲಾಳ ಫೋನು ಬಂತು. ಅವಳ ದನಿಯಲ್ಲಿ ಸಂತೋಷ. "ಅವ್ವಾ, ಅಪ್ಪ ಬಾಯಿಬಿಟ್ಟು ಕೇಳ್ಯಾರ! ಪುಂಡಿ ತಿನ್ನಬೇಕನಸ್ತದ ಅಂದ್ರು."

ಯಶೋಮತಿ ಫೋನು ಇಟ್ಟಳು. ಅಡುಗೆಮನೆಗೆ ಬಂದಳು. ಅವಳ ಕೈ ತಾನಾಗಿ ಅಕ್ಕಿಯ ಡಬ್ಬಕ್ಕೆ ಹೋಯಿತು. ಮುಚ್ಚಳ ತೆಗೆದಳು. ಹಿಡಿ ಅಕ್ಕಿ ತೆಗೆದಳು. ನಾನು ಕಟ್ಟೆಯ ಮೇಲೆ ಕುಳಿತು, ಹೂಂ, ಹೂಂ, ಅದೇ! ಅನ್ನುತ್ತಿದ್ದೆ. ಆಮೇಲೆ ಅವಳು ನಿಂತಳು. "ಛೆ, ಅವ್ರೆಲ್ಲಿ ಇದನ್ನ ಕೇಳ್ತಾರೆ?" ಎಂದುಕೊಂಡಳು. "ಅವರ ಅವ್ವನ ನೆನಪಾಗಿರ್ಬೇಕು." ಅಕ್ಕಿಯನ್ನು ಮರಳಿ ಡಬ್ಬಕ್ಕೆ ಸುರಿದಳು. ಚೀಲ ತೆಗೆದುಕೊಂಡು ಮಾರ್ಕೆಟ್ಟಿಗೆ ಹೋದಳು.

ಚಾತುರ್ಮಾಸ. ಹುಟ್ಟಿದಾಗಿನಿಂದ ಆ ತಿಂಗಳುಗಳಲ್ಲಿ ಎಲೆ ಮುಟ್ಟದ ಕೈ ಅದು. ಅಂದು ಕೆಂಪು ದಂಟಿನ ಪುಂಡಿ ಸೊಪ್ಪನ್ನು ಒಂದೊಂದೇ ಎಲೆ ತಿರುಗಿಸಿ, ಹುಳು ನೋಡಿ, ಮತ್ತೆ ತಿರುಗಿಸಿ ಬಿಡಿಸಿದಳು. ತುಟಿಗಳು ಏನನ್ನೋ ಜಪಿಸುತ್ತಿದ್ದವು. ಅವನು ಒಂದು ತುತ್ತು ತಿನ್ನಲಿ ಎಂದು ತನ್ನ ವ್ರತವನ್ನೇ ನನ್ನೊಳಗೆ ತುಂಬಿದಳು.

ಆಸ್ಪತ್ರೆಯಲ್ಲಿ ಪಾಯಪ್ಪ ದಿಂಬಿಗೆ ಒರಗಿ ಕಾಯುತ್ತಿದ್ದ. ನನ್ನನ್ನು ಕಂಡು ಅವನ ಕಣ್ಣು ಹೊಳೆಯಿತು. ಪಕ್ಕದಲ್ಲಿ ಖಾದರಸಾಬ, ನೋಡಲು ಬಂದವನು, ಸ್ಟೂಲಿನ ಮೇಲೆ ಕುಳಿತಿದ್ದ. ಯಶೋಮತಿ ಮುಚ್ಚಳ ತೆಗೆದಳು. ಹುಳಿ ವಾಸನೆ ಎದ್ದಿತು.

ಅವನ ಮುಖದಲ್ಲಿ ಏನೋ ಬಂದು ಹೋಯಿತು. ಅವಳು ಚಮಚ ಹುಡುಕುತ್ತಿದ್ದಳು, ನೋಡಲಿಲ್ಲ. ನಾನು ನೋಡಿದೆ. ಆಮೇಲೆ ಅವನು ಅವಳ ಬೆರಳುಗಳನ್ನು ನೋಡಿದ. ಸೊಪ್ಪು ಬಿಡಿಸಿ ಕಲೆಯಾಗಿದ್ದವು. ಅವನಿಗೆ ಎಲ್ಲ ತಿಳಿಯಿತು.

"ಕೊಡು," ಎಂದ.

ಅವಳು ತಿನ್ನಿಸಿದಳು. ಒಂದು ತುತ್ತು, ಇನ್ನೊಂದು, ಇನ್ನೊಂದು. ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟವನು, ಅವಳಿಗಾಗಿಯೇ ಬಿಟ್ಟವನು, ಡಬ್ಬಿ ಖಾಲಿಯಾಗುವವರೆಗೆ ತಿಂದ.

"ಹೆಂಗೈತ್ರೀ?"

"ನಮ್ಮವ್ವನ ಕೈ ಹಂಗs ಐತಿ."

ಅವಳು ಅಳುತ್ತ ನಗುತ್ತ ನನ್ನನ್ನು ಅಲ್ಲೇ ಬಿಟ್ಟು ಕೈ ತೊಳೆಯಲು ಹೋದಳು. ಆಗ ಪಾಯಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ನಾ ಕೇಳಿದ್ದು ಆಕಿ ಪುಂಡಿ, ಭಾಯ್. ಬಿಳೇದು. ನಡುವ ಹೆಬ್ಬಟ್ಟ ಒತ್ತಿರ್ತಾಳಲ್ಲ, ಅದು. ಪುಂಡಿ ಅಂದ್ರ ನನಗ ಅದs ಆಗೇತಿ ಈಗ."

ಖಾದರಸಾಬ ಎದ್ದು ನಿಂತ. "ತಡಿ, ಹೇಳ್ತೀನಿ ತಂಗಿಗೆ. ನಾಳಿ ಮಾಡ್ಕೊಂಡ ಬರ್ಲಿ."

"ಬ್ಯಾಡ. ಇವತ್ತ ಬ್ಯಾಡ. ಆಕಿ ಮಾರಿ ನೋಡಿದಿಲ್ಲ ಹೆಂಗಿತ್ತು? ಮನೀಗೆ ಹೋದ ಮ್ಯಾಲ ನಾನs ಕೇಳ್ತೀನಿ."

ಅವನು ಮನೆಗೆ ಹೋಗಲಿಲ್ಲ. ಆ ವಾರ ಮುಗಿಯುವ ಮೊದಲೇ ಹೋಗಿಬಿಟ್ಟ.

ಈಗ ಯಶೋಮತಿ ಮಗಳ ಮನೆಯಲ್ಲಿದ್ದಾಳೆ, ನಾನು ಅವಳ ಕೋಣೆಯ ಮೂಲೆಯಲ್ಲಿದ್ದೇನೆ. ಪ್ರತಿ ವರ್ಷ ಅವನು ಹೋದ ದಿನ ಅವಳು ಸೊಪ್ಪಿನ ಪುಂಡಿ ಮಾಡುತ್ತಾಳೆ. ಮಳೆಗಾಲವೇ ಇರುತ್ತದೆ, ಆದರೂ ಮಾಡುತ್ತಾಳೆ. ನನ್ನಲ್ಲಿ ತುಂಬಿಸಿ ಅಕ್ಕಪಕ್ಕದ ಮನೆಗಳಿಗೆ ಒಯ್ಯುತ್ತಾಳೆ. ತಾನು ಒಂದು ಎಸಳೂ ಮುಟ್ಟುವುದಿಲ್ಲ. "ಕಡೀಕ ಅವ್ರು ಕೇಳಿದ್ದು ಇದನ್ನs ನೋಡ್ರಿ," ಎನ್ನುತ್ತಾಳೆ. "ಅವರ ಅವ್ವನ ಕೈಯಂಗ ಐತಿ ಅಂದ್ರು. ಕೇಳಿದ್ದು ಕೊಟ್ಟು ಕಳಿಸಿದೆ. ಅಷ್ಟು ಸಾಕು ನನಗ." ಇದನ್ನು ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತದೆ. ಉಳಿದ ದಿನಗಳನ್ನು ಅವಳು ಆ ಮಾತಿನ ಮೇಲೇ ಕಳೆಯುತ್ತಿದ್ದಾಳೆ.

ಖಾದರಸಾಬ ಒಂದು ವರ್ಷ ಬಂದಿದ್ದ. ಸೊಪ್ಪನ್ನು ಉಂಡ, ಅವಳನ್ನು ನೋಡಿದ, ಬಾಯಿ ತೆರೆದ. ಅವಳು ಅದೇ ಮಾತು ಹೇಳಿದಳು, "ಕೇಳಿದ್ದು ಕೊಟ್ಟೆ ಅಣ್ಣಾ." ಅವನು ಬಾಯಿ ಮುಚ್ಚಿಕೊಂಡ. ಆಮೇಲೆ ಮಗನ ಜೊತೆ ಸೊಲ್ಲಾಪುರಕ್ಕೆ ಹೋದ, ಅಲ್ಲೇ ತೀರಿಕೊಂಡನಂತೆ. ಈಗ ಗೊತ್ತಿರುವುದು ನನಗೊಬ್ಬನಿಗೇ.

ಕೆಲವು ಸಂಜೆ ಅವಳು ಕಿಟಕಿಯ ಹತ್ತಿರ ಕುಳಿತು ಮಗಳಿಗೆ ಹೇಳುತ್ತಾಳೆ, "ನಮ್ಮೂರಲ್ಲಿ ಅಕ್ಕಿ ಪುಂಡಿ ಅಂತ ಮಾಡ್ತಿದ್ರು. ನಿಮ್ಮಪ್ಪಗ ಸೇರ್ತಿರಲಿಲ್ಲ. ನಾನೂ ಬಿಟ್ಟೆ." ಹೇಳುವಾಗ ಅವಳ ಹೆಬ್ಬೆರಳು ಅಂಗೈಯ ನಡುವೆ ತಾನಾಗಿ ಒತ್ತುತ್ತಿರುತ್ತದೆ. ಎಷ್ಟು ಆಸೆ ಅವಳಿಗೆ! ಒಬ್ಬಳಿಗಾಗಿ ಯಾರು ರುಬ್ಬುತ್ತಾರೆ ಎಂದು ಸುಮ್ಮನಾಗುತ್ತಾಳೆ.

ಹೇಳಿದರೆ, ಕೇಳಿದ್ದು ಕೊಟ್ಟೆ ಎಂಬ ಅವಳ ಸಮಾಧಾನ ಅಲ್ಲೇ ಮುರಿಯುತ್ತದೆ. ಅಕ್ಕಿಯ ಡಬ್ಬದಿಂದ ಕೈ ಹಿಂದೆ ತೆಗೆದ ಆ ಕ್ಷಣವನ್ನು ಅವಳು ಸಾಯುವವರೆಗೆ ಮರೆಯಲಾರಳು. ಹೇಳದಿದ್ದರೆ, ಕೊನೆಗಾಲದಲ್ಲಿ ಅವನ ನಾಲಿಗೆ ತಾಯಿಯ ಮನೆಗೆ ಹೋಗಲಿಲ್ಲ, ಅವಳ ಊರಿಗೆ ಹೋಗಿತ್ತು ಎಂಬುದು ಅವಳಿಗೆ ಎಂದೂ ತಿಳಿಯುವುದಿಲ್ಲ. ತನ್ನನ್ನು ಬಿಟ್ಟು ಬೇರೆ ಏನೂ ಅವನಿಗೆ ಬೇಕಿರಲಿಲ್ಲ ಎಂಬುದು ತಿಳಿಯದೆಯೇ ಹೋಗಿಬಿಡುತ್ತಾಳೆ.

ನಾಳೆ ಮತ್ತೆ ಅವನ ದಿನ. ಸೊಪ್ಪು ಬಂದಾಗಿದೆ. ಅವಳು ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದಾಳೆ. ನನಗೆ ಬಾಯಿಲ್ಲ. ನಿಮಗಿದೆ. ಈ ಮೂಲೆಯಲ್ಲಿ ನನ್ನ ಜಾಗದಲ್ಲಿ ಕುಳಿತು ಅವಳನ್ನು ನೋಡುತ್ತಿದ್ದರೆ, ನೀವು ಏನು ಮಾಡುತ್ತಿದ್ದಿರಿ?